ಮಗುವನ್ನು ಹೊರಗಿಟ್ಟವರ ಹೊಣೆ



2025ರ ಮೇ ತಿಂಗಳ ಕೊನೆಯ ಮಾತು. ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುತ್ತಿದ್ದ ದಿನಗಳು. ಕೋವಿಡ್ ಮತ್ತೆ ಅಲ್ಲಲ್ಲಿ ಕಾಣಿಸಿಕೊಂಡಿದೆ ಎಂದು ನಮ್ಮ ರಾಜ್ಯ ಸರ್ಕಾರ ಶಾಲೆಗಳಿಗೆ ಒಂದು ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ. ಬಂದಿದ್ದರೆ ಪಾಲಕರಿಗೆ ತಿಳಿಸಿ ಮನೆಗೆ ಕಳುಹಿಸಿ. ಪೂರ್ತಿ ಗುಣವಾದ ಮೇಲೆಯೇ ಮಕ್ಕಳು ಮರಳಿ ಬರಲಿ ಎಂಬುದು ಅದರ ಸಾರಾಂಶ. ಆ ಭಾನುವಾರ ಬಲಿಪೂಜೆ ಮುಗಿಸಿ ಅಂಗಳದಲ್ಲಿ ನಿಂತಿದ್ದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಹತ್ತಿರ ಬಂದು, "ಮತ್ತ ಶುರುವಾತೇನ್ರೀ ಫಾದರ್?" ಎಂದು ಕೇಳಿದರು. ಅವರು ಕೇಳಿದ್ದು ರೋಗದ ಬಗ್ಗೆ ಅಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೂ ಸುಮಾರು ಮೂರು ವರ್ಷ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ನಾನು ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಇಂದಿನ ಬರಹ ಆ ಪ್ರಶ್ನೆಯ ಕುರಿತು.

ಅದು 2022ರ ಜನವರಿ, ಮೂರನೆಯ ಅಲೆಯ ಸಮಯ. ಈ ತಾಯಿ ನಾಲ್ಕು ಮನೆಗಳಲ್ಲಿ ಕಸ-ಮುಸುರಿ ಮಾಡಿ ಸಂಸಾರ ತೂಗಿಸುವವರು. ಗಂಡ ಗೋವೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮಗ ಐದನೆಯ ಇಯತ್ತೆ. ಒಂದು ಬೆಳಗ್ಗೆ ಹುಡುಗನ ಮೈ ಸ್ವಲ್ಪ ಬೆಚ್ಚಗಿತ್ತು. ತಾಯಿ ಜ್ವರದ ಅರ್ಧ ಗುಳಿಗೆ ಕೊಟ್ಟು, ಮಾಸ್ಕ್ ಕಟ್ಟಿ, ಶಾಲೆಗೆ ಕಳುಹಿಸಿದರು. ಗೇಟಿನಲ್ಲಿ ಹಣೆಗೆ ಹಿಡಿದ ಯಂತ್ರ ಎಲ್ಲವೂ ಸರಿಯಿದೆ ಎಂದು ತೋರಿಸಿತು. ಮಧ್ಯಾಹ್ನದ ಹೊತ್ತಿಗೆ ಗುಳಿಗೆಯ ಬಲ ಇಳಿಯಿತು, ಜ್ವರ ಏರಿತು, ಟೀಚರ್ ಗಮನಿಸಿದರು. ಗಂಟಲ ದ್ರವ ತೆಗೆದರು, ಪಾಸಿಟಿವ್ ಬಂತು. ತರಗತಿಗೆ ಬೀಗ ಬಿತ್ತು. ಅದೇ ವಾರ ಅದೇ ತರಗತಿಯ ಇನ್ನೊಬ್ಬ ಹುಡುಗನ ಅಜ್ಜ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ನಾಲ್ಕು ದಿನ ಆಕ್ಸಿಜನ್ ಮೇಲಿದ್ದು, ದೇವರ ದಯೆಯಿಂದ ಮನೆಗೆ ಮರಳಿದರು. ಅವರಿಗೆ ರೋಗ ಆ ಹುಡುಗನಿಂದ ಬಂತೋ, ಸಂತೆಯಿಂದ ಬಂತೋ, ಮದುವೆ ಮನೆಯಿಂದ ಬಂತೋ ಯಾರೂ ಹೇಳಲಾರರು. ಆದರೆ ಓಣಿ ತೀರ್ಪು ಕೊಟ್ಟಾಗಿತ್ತು.

ಆ ತಾಯಿ ನನ್ನ ಬಳಿ ಬಂದರು. ಪಾಪನಿವೇದನೆಗೆ ಅಲ್ಲ, ಹಾಗಿದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತು ಕೇಳಿದರು. ಈಗ ಇದನ್ನು ಬರೆಯುವ ಮೊದಲೂ ಅವರ ಒಪ್ಪಿಗೆ ಪಡೆದಿದ್ದೇನೆ. "ನಾ ಮಾಡಿದ್ದು ತಪ್ಪೇನ್ರೀ ಫಾದರ್?" ಎಂದರು. ನಾನು ತಡಮಾಡಲಿಲ್ಲ. "ತಪ್ಪವ್ವ. ಮುಚ್ಚಿಟ್ಟದ್ದು ಸುಳ್ಳು ಹೇಳಿದ್ದಕ್ಕ ಸಮ. ಮತ್ತೊಬ್ಬರ ಜೀವದ ಪ್ರಶ್ನೆ ಇತ್ತು" ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಹೊರಡುವ ಮುನ್ನ ಒಂದು ಮಾತು ಹೇಳಿದರು: "ತಪ್ಪು ಅಂತ ನನಗೂ ಗೊತ್ತೈತ್ರೀ. ಆದ್ರ ಖರೇ ಹೇಳಿದ್ರ ಏನಾಗ್ತೈತಿ ಅನ್ನೋದನ್ನೂ ನಾ ಒಮ್ಮೆ ನೋಡೇನ್ರೀ."

ಅವರು ನೋಡಿದ್ದೇನು? 2020ರ ಮೇ ತಿಂಗಳಲ್ಲಿ ಗಂಡ ಗೋವೆಯಿಂದ ಮರಳಿದಾಗ ಈ ತಾಯಿಯೇ ಆಶಾ ಕಾರ್ಯಕರ್ತೆಯನ್ನು ಕರೆದು ವಿಷಯ ತಿಳಿಸಿದ್ದರು. ನಿಯಮ ಹಾಗಿತ್ತು. ಗಂಡನ ಮುಂಗೈಗೆ ಶಾಯಿಯ ಮುದ್ರೆ ಬಿತ್ತು, ಬಾಗಿಲಿಗೆ ಚೀಟಿ ಅಂಟಿತು, ಹದಿನಾಲ್ಕು ದಿನ ಮನೆಯೊಳಗೇ ಇರಬೇಕಾಯಿತು. ಅಲ್ಲಿಯವರೆಗೆ ಸರಿ. ಆದರೆ ವಾರಗಟ್ಟಲೆ ಕಾಯ್ದು ಬರುವ ನಳದ ನೀರಿಗೆ ಇವರು ಎಲ್ಲರೂ ಹಿಡಿದ ಮೇಲೆ ಕೊನೆಗೆ ಬರಬೇಕೆಂದು ಓಣಿಯವರು ತಾಕೀತು ಮಾಡಿದರು. ಕೆಲಸಕ್ಕಿದ್ದ ಮನೆಗಳು ಎರಡು ತಿಂಗಳು ಇವರನ್ನು ಕರೆಯಲಿಲ್ಲ. ಅಂಗಡಿಯವನು ಚಿಲ್ಲರೆಯನ್ನು ನೆಲದ ಮೇಲೆ ಇಟ್ಟ. ಗಂಡನಿಗೆ ರೋಗವಿರಲಿಲ್ಲ, ಆದರೂ ಇಷ್ಟೆಲ್ಲ ಆಯಿತು. ಬಾಗಿಲ ಚೀಟಿಯ ವಿಷಯದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಧಿಕಾರವುಳ್ಳವರು ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶ ಕೊಡದ ಹೊರತು ರೋಗಿಗಳ ಮನೆಗೆ ಹಾಗೆ ಅಂಟಿಸಕೂಡದು ಎಂದು ಹೇಳಿತು. ಆ ಹೊತ್ತಿಗೆ ಈ ಮನೆಯ ಚೀಟಿ ಹರಿದುಹೋಗಿ ಆರು ತಿಂಗಳಾಗಿತ್ತು. ಅಂಟಿನ ಗುರುತು ಮಾತ್ರ ಉಳಿದಿತ್ತು.

ಈಗ ನೀವೇ ಹೇಳಿ, ವಾಚಕರೇ. ಆ ಅರ್ಧ ಗುಳಿಗೆಯ ತಪ್ಪು ಪೂರ್ತಿ ಆ ತಾಯಿಯದೇ?

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ರೋಗಿಯನ್ನು ಕೆಲಕಾಲ ಪ್ರತ್ಯೇಕವಾಗಿ ಇಡುವುದೇ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಪವಿತ್ರ ಗ್ರಂಥವನ್ನೂ ಓದಿಲ್ಲ, ನಮ್ಮ ಊರಿನ ಚರಿತ್ರೆಯನ್ನೂ ಕೇಳಿಲ್ಲ. ಯಾಜಕಕಾಂಡದ ಹದಿಮೂರನೆಯ ಅಧ್ಯಾಯ ತೆರೆದು ನೋಡಿ. ಚರ್ಮದ ಮೇಲೆ ಸಂಶಯದ ಕಲೆ ಕಂಡರೆ ಯಾಜಕನು ಪರೀಕ್ಷಿಸಬೇಕು; ಖಚಿತವಾಗದಿದ್ದರೆ ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡಬೇಕು; ಆಗಲೂ ಸಂಶಯವಿದ್ದರೆ ಇನ್ನೂ ಏಳು ದಿನ. ಇಂದಿನ ಕ್ವಾರಂಟೈನ್ ನಿಯಮಗಳಿಗೂ ಇದಕ್ಕೂ ಎಷ್ಟು ಹೋಲಿಕೆ! ಪರೀಕ್ಷೆ ಮಾಡುವ ಕೆಲಸ ಅಂದು ನಮ್ಮಂಥ ಯಾಜಕರ ಹೆಗಲ ಮೇಲಿತ್ತು ಎಂಬುದನ್ನು ನೆನೆದಾಗ ಆಶಾ ಕಾರ್ಯಕರ್ತೆಯರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ನಮ್ಮ ಕಡೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕು ಧಾರವಾಡ ಜಿಲ್ಲೆಯನ್ನೆಲ್ಲ ನಡುಗಿಸಿತು. ಗದಗ ಆಗ ಅದೇ ಜಿಲ್ಲೆಯ ತಾಲೂಕು. ಅದಕ್ಕೂ ಒಂದು ವರ್ಷ ಮೊದಲು, ಮುಂಬಯಿಯ ಪ್ಲೇಗಿಗೆ ಹೆದರಿ ಬ್ರಿಟಿಷ್ ಸರ್ಕಾರ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ನಮ್ಮ ದೇಶ ಹೊರತೆಗೆದು ಬಳಸಿತು. ನಮ್ಮ ಹಿರಿಯರು ತಮ್ಮ ಅಜ್ಜ-ಅಜ್ಜಿಯರಿಂದ ಕೇಳಿದ್ದನ್ನು ಈಗಲೂ ಹೇಳುತ್ತಾರೆ: ಇಲಿ ಬಿದ್ದದ್ದು ಕಂಡರೆ ಊರಿಗೆ ಊರೇ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತಂತೆ. ಕಷ್ಟ ಬಹಳವಿತ್ತು. ಆದರೆ ಗಮನಿಸಿ, ಅಲ್ಲಿ ಊರೆಲ್ಲ ಹೊರಗೆ ಹೋಗುತ್ತಿತ್ತು. ಗೌಡನ ಮಗುವೂ ಕೂಲಿಯವನ ಮಗುವೂ ಒಂದೇ ಬಯಲಲ್ಲಿ ಮಲಗುತ್ತಿದ್ದವು.

1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ನಡೆದುಕೊಂಡ ರೀತಿಯೂ ಇಲ್ಲಿ ನೆನಪಾಗುತ್ತದೆ. ಜನರು ಮನೆಗಳಲ್ಲೇ ಇರಬೇಕೆಂಬ ನಿಯಮವನ್ನು ಅವರು ವಿರೋಧಿಸಲಿಲ್ಲ. ಆದರೆ ಕಿಟಕಿಯಿಂದಲೇ ಬಲಿಪೂಜೆಯಲ್ಲಿ ಭಾಗಿಗಳಾಗುವಂತೆ ಬೀದಿ ಕೂಡುವಲ್ಲೆಲ್ಲ ಪೀಠಗಳನ್ನು ಹಾಕಿಸಿದರು. ಮನೆಯೊಳಗೆ ಉಳಿದ ಬಡವರಿಗೆ ಅನ್ನ ಮುಟ್ಟಿಸಿದರು; ತಮ್ಮ ಅರಮನೆಯ ಪರದೆ, ತೂಗುಬಟ್ಟೆಗಳನ್ನೆಲ್ಲ ಇಳಿಸಿ ಅವರಿಗೆ ಉಡುಪು ಹೊಲಿಸಿದರು. ಬಾಗಿಲು ಹಾಕಿಸಿದವನು ಬಾಗಿಲ ಹೊರಗೆ ನಿಂತು ಒಳಗಿರುವವರ ಕೊರತೆಯನ್ನು ತುಂಬಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಹಾಗಾದರೆ ನ್ಯಾಯದ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಕಾನೂನಿನ ವಿವೇಚನೆಯನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ನನಗೆ ಹೊಳೆದದ್ದು 2021ರಲ್ಲಿ. ಕಾನೂನೊಂದು ಹೇಗೆಲ್ಲ ಅನ್ಯಾಯವಾಗಬಹುದು ಎಂದು ಅವರು ವಿಂಗಡಿಸುತ್ತಾರೆ. ಆಳುವವನು ತನ್ನ ಲಾಭಕ್ಕಾಗಿ ಮಾಡಿದರೆ ಅದು ಅನ್ಯಾಯ. ತನ್ನ ಅಧಿಕಾರ ಮೀರಿ ಮಾಡಿದರೆ ಅನ್ಯಾಯ. ಇವೆರಡು ಎಲ್ಲರಿಗೂ ತಿಳಿದದ್ದೇ. ಮೂರನೆಯದು ಸೂಕ್ಷ್ಮವಾದದ್ದು: ಸಾರ್ವಜನಿಕರ ಒಳಿತಿಗೆಂದೇ ಮಾಡಿದ ಕಾನೂನು ಕೂಡ, ಅದರ ಭಾರವನ್ನು ಜನರ ಮೇಲೆ ಹೆಚ್ಚುಕಡಿಮೆಯಾಗಿ ಹೊರಿಸಿದರೆ, ಅನ್ಯಾಯವಾಗುತ್ತದೆ. ಉದ್ದೇಶ ಒಳ್ಳೆಯದು ಎಂಬುದಷ್ಟೇ ಸಾಲದು. ಮೂಟೆಯನ್ನು ಯಾರ ಹೆಗಲಿಗೆ ಎಷ್ಟು ಏರಿಸಿದಿರಿ ಎಂದು ಕೇಳಬೇಕು.

ಈ ಅಳತೆಗೋಲನ್ನು ಹಿಡಿದು ನಮ್ಮ ರಾಜ್ಯದ ಆ ಎರಡು ವರ್ಷಗಳನ್ನು ಒಮ್ಮೆ ನೋಡೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗ ಯಾರಿಗೂ ರೋಗದ ಸ್ವಭಾವ ತಿಳಿದಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಗದಗದಲ್ಲೇ ಮೊದಲ ಸಾವು ಸಂಭವಿಸಿ ಓಣಿಗೆ ಓಣಿಯೇ ಸೀಲ್‌ಡೌನ್ ಆದಾಗ ನಾವೆಲ್ಲ ನಡುಗಿದೆವು. ಆ ಮೊದಲ ಮುಚ್ಚುವಿಕೆಯನ್ನು ತಪ್ಪೆನ್ನುವವರು ಎಲ್ಲ ಮುಗಿದ ಮೇಲೆ ಜಾಣರಾದವರು ಎಂಬುದು ನನ್ನ ಅಭಿಪ್ರಾಯ. ಆ ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ಸುಮಾರು ಎಂಟು ಲಕ್ಷ ಮಕ್ಕಳು, ಜ್ವರವಿದ್ದವರಿಗೆ ಬೇರೆ ಕೊಠಡಿ, ರೋಗ ತಗಲಿ ಬರೆಯಲಾಗದವರಿಗೆ ಪೂರಕ ಪರೀಕ್ಷೆಯಲ್ಲಿ ಬರೆದರೂ ಅದನ್ನು ಮೊದಲ ಪ್ರಯತ್ನವೆಂದೇ ಎಣಿಸುವ ಭರವಸೆ. ಇದು ನ್ಯಾಯವಾದ ನಿಯಮ ಎನ್ನುತ್ತೇನೆ. ಹೊರಗುಳಿದ ಮಗುವಿಗೆ ಅದರ ಜಾಗವನ್ನು ಕಾಯ್ದಿರಿಸಲಾಗಿತ್ತು. 2021ರ ಜುಲೈ 19 ಮತ್ತು 22ರಂದು ಎರಡೇ ದಿನದ ಪರೀಕ್ಷೆ ನಡೆದಾಗ ಪಾಸಿಟಿವ್ ಬಂದ ಮಕ್ಕಳಿಗೆ ಕೋವಿಡ್ ಆರೈಕೆ ಕೇಂದ್ರದಲ್ಲೇ ಬರೆಯಲು ವ್ಯವಸ್ಥೆಯಾಯಿತು. ಅದೂ ಒಳ್ಳೆಯದೇ.

ಆದರೆ ಚಿಕ್ಕ ಮಕ್ಕಳ ಗತಿ? 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂಬ ಯೋಜನೆ ಬಂತು. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಶಿಕ್ಷಕರು ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಅಲ್ಲಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿ 1ರಿಂದ ಹತ್ತನೆಯ ಹಾಗೂ ದ್ವಿತೀಯ ಪಿಯುಸಿ ತರಗತಿಗಳು ಮೊದಲು ತೆರೆದವು. ಎರಡನೆಯ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿತು. ಆ ಅಲೆಯಲ್ಲಿ ಎಷ್ಟೋ ಶಿಕ್ಷಕರೇ ತೀರಿಕೊಂಡರು ಎಂಬುದನ್ನು ಮರೆಯಬಾರದು; ಶಾಲೆ ತೆರೆಯಲು ಹೆದರಿದವರನ್ನು ಹೇಡಿಗಳೆಂದು ಕರೆಯುವುದು ತರವಲ್ಲ. ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೆಯವರು, ಕೊನೆಗೆ ಅಕ್ಟೋಬರ್ 25ಕ್ಕೆ ಒಂದರಿಂದ ಐದನೆಯವರು ಶಾಲೆಗೆ ಬಂದರು. ಲೆಕ್ಕ ಹಾಕಿ: ಸುಮಾರು 19 ತಿಂಗಳು. ಒಂದನೆಯ ಇಯತ್ತೆ ಕಲಿಯಬೇಕಿದ್ದ ಮಗು ಶಾಲೆಯ ಗಂಟೆಯ ಸದ್ದನ್ನೇ ಕೇಳದೆ ಎರಡನೆಯ ಇಯತ್ತೆಯ ಪುಸ್ತಕ ಹಿಡಿಯಿತು.

ಇಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತದೆ. 2021ರ ಜುಲೈನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಡಾ. ಬಲರಾಮ ಭಾರ್ಗವ ಅವರು, ಚಿಕ್ಕ ಮಕ್ಕಳು ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಆದ್ದರಿಂದ ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕ ಎಂದು ಹೇಳಿದ್ದರು. ಮಂಡಳಿಯ ಸಮೀಕ್ಷೆಯಲ್ಲಿ 6ರಿಂದ 17 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಆಗಲೇ ಸೋಂಕು ತಗಲಿ ಹೋದ ಗುರುತು ಸಿಕ್ಕಿತ್ತು. ಆದರೂ ನಾವು ತೆರೆದದ್ದು ತಲೆಕೆಳಗಾಗಿ: ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ. ಯಾಕೆ? ದೊಡ್ಡ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಇತ್ತು. ಅಂಕಪಟ್ಟಿ ಇದ್ದವರ ನಷ್ಟ ಕಣ್ಣಿಗೆ ಕಂಡಿತು. ಅಕ್ಷರ ತಿದ್ದಬೇಕಾದ ಮಗುವಿನ ನಷ್ಟಕ್ಕೆ ಅಂಕಪಟ್ಟಿಯೇ ಇರಲಿಲ್ಲ, ಆದ್ದರಿಂದ ಅದು ನಷ್ಟವೆಂದೇ ಅನ್ನಿಸಲಿಲ್ಲ.

ಆದರೆ ನಷ್ಟವಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ನೂರಕ್ಕೆ 92 ಮಂದಿ, ಗಣಿತದಲ್ಲಿ 82. ಇನ್ನೂ ಎರಡನೆಯ ಅಲೆಯೇ ಬಂದಿರಲಿಲ್ಲ. ಬಿಸಿಯೂಟದ ಬದಲು ಮನೆಗೆ ಅಕ್ಕಿ-ಬೇಳೆ ಕೊಟ್ಟರು, ನಿಜ. ಆದರೆ ಗೆಳೆಯರ ಸಾಲಿನಲ್ಲಿ ಕೂತು ಬಿಸಿ ಅನ್ನ ಉಣ್ಣುವ ಮಗುವಿಗೂ, ಇಡೀ ಮನೆಗೆ ಹಂಚಿಹೋಗುವ ಹಿಡಿ ಅಕ್ಕಿಗೂ ವ್ಯತ್ಯಾಸವಿದೆ.

ಟಿ.ವಿ. ಪಾಠದ ಕತೆಯನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದ 2020ರಲ್ಲಿ ನಮ್ಮ ಗದಗ ಜಿಲ್ಲೆಯ ಹಳ್ಳಿಯೊಂದರ ತಾಯಿ, ಮಕ್ಕಳು ಪಾಠ ತಪ್ಪಿಸಿಕೊಳ್ಳಬಾರದೆಂದು ತನ್ನ ತಾಳಿಯನ್ನು ಅಡವಿಟ್ಟು ಟಿ.ವಿ. ಕೊಂಡರು. ಸುದ್ದಿ ನಾಡೆಲ್ಲ ಹರಡಿ ನೆರವು ಬಂತು. ಅನೇಕರು ಆಕೆಯ ತ್ಯಾಗವನ್ನು ಕೊಂಡಾಡಿದರು. ನಾನೂ ಅಂದಿನ ಪ್ರಬೋಧನೆಯಲ್ಲಿ ಕೊಂಡಾಡಿದೆ. ಈಗ ಅನ್ನಿಸುತ್ತದೆ: ಕೊಂಡಾಡುವ ಮೊದಲು ನಾಚಿಕೊಳ್ಳಬೇಕಿತ್ತು. ಅಕ್ವಿನಾಸರು ಹೇಳಿದ ಆ ಹೆಚ್ಚುಕಡಿಮೆಯ ಮೂಟೆ ಎಂದರೆ ಇದೇ ಅಲ್ಲವೇ? ಬೆಂಗಳೂರಿನ ಮನೆಯೊಂದರಲ್ಲಿ ಶಾಲೆ ಮುಚ್ಚಿದರೆ ಲ್ಯಾಪ್‌ಟಾಪ್ ತೆರೆಯುತ್ತದೆ. ಶಿರಹಟ್ಟಿಯ ತಾಂಡಾದಲ್ಲಿ ಶಾಲೆ ಮುಚ್ಚಿದರೆ ಮಗು ಹೊಲಕ್ಕೋ, ಅವ್ವ-ಅಪ್ಪನ ಜೊತೆ ಗುಳೆಗೋ ಹೊರಡುತ್ತದೆ. ಆದೇಶದ ಕಾಗದ ಮಾತ್ರ ಇಬ್ಬರಿಗೂ ಒಂದೇ.

ಇನ್ನು ಪರೀಕ್ಷೆಯ ವಿಷಯ. ಗಂಟಲ ದ್ರವದ ಪರೀಕ್ಷೆ. ಮೊದಲೇ ಹೇಳಿದ ಆ ಹುಡುಗ, ವರದಿ ಬಂದ ದಿನ ತನ್ನ ತಂಗಿಗೆ ಏನು ಹೇಳಿದ ಗೊತ್ತೇ? "ನಾ ಟೆಸ್ಟಿನ್ಯಾಗ ಫೇಲ್ ಆದೆ." ಹತ್ತು ವರ್ಷದ ಮಗುವಿಗೆ ಗೊತ್ತಿದ್ದ ಟೆಸ್ಟ್ ಒಂದೇ ಬಗೆಯದು, ಅದರಲ್ಲಿ ಪಾಸು, ಇಲ್ಲವೇ ಫೇಲು. ಸುತ್ತಲಿನ ದೊಡ್ಡವರ ಮುಖ ನೋಡಿ ಅವನಿಗೆ ಫಲಿತಾಂಶ ತಿಳಿಯಿತು.

ಪರೀಕ್ಷೆ ಯಾತಕ್ಕಾಗಿ? ರೋಗ ಯಾರಲ್ಲಿದೆ ಎಂದು ತಿಳಿದರೆ ಅವರನ್ನು ಆರೈಕೆ ಮಾಡಬಹುದು, ಉಳಿದವರನ್ನು ಕಾಪಾಡಬಹುದು, ಉಳಿದವರು ನಿಶ್ಚಿಂತೆಯಿಂದ ಶಾಲೆಗೆ ಬರಬಹುದು. ಇಷ್ಟಕ್ಕಾಗಿ ಮಾಡುವ ಪರೀಕ್ಷೆ ಪ್ರೀತಿಯ ಕೆಲಸವೇ. 2021ರ ಜನವರಿಯಲ್ಲಿ ತರಗತಿಗೆ ಬರುವ ಮುನ್ನ ಶಿಕ್ಷಕರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಾಗ ನಾನು ಸಂತೋಷಪಟ್ಟೆ. ದೊಡ್ಡವರು ಮೊದಲು ತಮ್ಮ ಮೂಗು ಚಾಚಿದರು. ಆದರೆ ಅದೇ ಪರೀಕ್ಷೆ ಪ್ರವೇಶ ಚೀಟಿಯಾದಾಗ ಅದರ ಗುಣ ಬದಲಾಗುತ್ತದೆ. ನೆಗೆಟಿವ್ ವರದಿ ಎಂದರೆ ದ್ರವ ತೆಗೆದ ಆ ಗಳಿಗೆಯ ಸಾಕ್ಷಿಯೇ ಹೊರತು ಮರುದಿನದ ಜಾಮೀನಲ್ಲ. ಕಾಗದ ಕೈಯಲ್ಲಿದೆ ಎಂದು ಮೈಮರೆಯುವವರೂ ಹೆಚ್ಚಾದರು, ಕಾಗದ ತರಲಾಗದೆ ಹಿಂದುಳಿದವರೂ ಹೆಚ್ಚಾದರು.

2021ರ ಡಿಸೆಂಬರ್ 3ರ ನಿಯಮವೊಂದನ್ನು ನೆನಪಿಸಿಕೊಳ್ಳಿ. ಓಮಿಕ್ರಾನ್ ತಳಿ ಕಾಣಿಸಿಕೊಂಡ ಕೂಡಲೇ, ಶಾಲೆ-ಕಾಲೇಜಿಗೆ ಬರುವ ಮಕ್ಕಳ ತಂದೆತಾಯಂದಿರು ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿರಲೇಬೇಕು ಎಂದು ಸರ್ಕಾರ ಹೇಳಿತು. ಲಸಿಕೆ ಹಾಕಿಸಿಕೊಳ್ಳಿ ಎಂದು ಪೀಠದಿಂದಲೇ ಎಷ್ಟು ಸಲ ಬೇಡಿಕೊಂಡೆನೋ! ಆದರೂ ಈ ನಿಯಮ ನನಗೆ ಸರಿ ಕಾಣಲಿಲ್ಲ. ಮಗುವಿಗೆ ಆಗ ಲಸಿಕೆಯೇ ಇರಲಿಲ್ಲ. 15 ವರ್ಷ ದಾಟಿದವರಿಗೆ 2022ರ ಜನವರಿ 3ಕ್ಕೆ, 12 ದಾಟಿದವರಿಗೆ ಮಾರ್ಚ್‌ಗೆ ಬಂತು. ತಂದೆ ಮೊಂಡುತನ ಮಾಡಿದರೆ ಪಾಠ ತಪ್ಪುವುದು ಮಗುವಿಗೆ. ತಂದೆ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚುಳ್ಳೆನ್ನುತ್ತದೆ ಎಂಬ ಗಾದೆಯನ್ನು ಇಸ್ರಯೇಲರು ಇನ್ನು ಮುಂದೆ ಆಡಬಾರದೆಂದು ಪ್ರವಾದಿ ಯೆಜೆಕಿಯೇಲನ ಮೂಲಕ ದೇವರು ತಾಕೀತು ಮಾಡಿದ್ದು ಇಂಥ ಆಲೋಚನೆಯ ವಿರುದ್ಧವೇ. ಮಗುವನ್ನು ತಂದೆಯ ಕಿವಿ ಹಿಂಡುವ ಸಾಧನವನ್ನಾಗಿ ಬಳಸಕೂಡದು. ಮನುಷ್ಯನನ್ನು ಬರಿಯ ಸಾಧನವಾಗಿ ಕಾಣಬೇಡ ಎಂದ ಜರ್ಮನಿಯ ತತ್ವಜ್ಞಾನಿ ಕಾಂಟ್ ಕೂಡ ಇದನ್ನು ಒಪ್ಪುತ್ತಿರಲಿಲ್ಲ.

2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳನ್ನು ಮುಚ್ಚಿ, ಉಳಿದೆಡೆ ತೀರ್ಮಾನವನ್ನು ಜಿಲ್ಲಾಧಿಕಾರಿಗಳಿಗೆ ಬಿಟ್ಟದ್ದು ಮಾತ್ರ ಮೆಚ್ಚತಕ್ಕ ಕ್ರಮ. ಕೆಳಗಿನವರು ಮಾಡಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದು ಎಂದು ಪೋಪ್ ಹನ್ನೊಂದನೆಯ ಪಿಯುಸ್ 1931ರಲ್ಲೇ ಬೋಧಿಸಿದ್ದರು. ರೋಗವಿಲ್ಲದ ಊರಿನ ಶಾಲೆ ರೋಗವಿರುವ ಊರಿನ ಸಲುವಾಗಿ ಮುಚ್ಚಬೇಕಾಗಿಲ್ಲ. ಇಷ್ಟು ಸರಳ ಮಾತು ತಿಳಿಯಲು ಎರಡು ವರ್ಷ ಹಿಡಿಯಿತು.

ಈಗ ಆ ತಾಯಿಯ ಅರ್ಧ ಗುಳಿಗೆಗೆ ಮರಳೋಣ. ಅವರು ಮಾಡಿದ್ದು ಸರಿ ಎಂದು ನಾನು ಇಂದಿಗೂ ಹೇಳುವುದಿಲ್ಲ. ಆಸ್ಪತ್ರೆ ಸೇರಿದ ಆ ಅಜ್ಜನ ಮುಂದೆ ನಿಂತು ಹಾಗೆ ಹೇಳಲು ನನಗೆ ಬಾಯಿ ಬಾರದು. ನೆರೆಯವರಿಗೆ ಅಪಾಯವಿದೆ ಎಂದು ಗೊತ್ತಿದ್ದೂ ಮುಚ್ಚಿಡುವುದು ಪರಪ್ರೀತಿಗೆ ವಿರುದ್ಧ. ಆದರೆ ನನ್ನ ಅಂದಿನ ಉತ್ತರದಲ್ಲಿ ಒಂದು ಕೊರತೆಯಿತ್ತು. ಸತ್ಯವನ್ನು ನುಡಿಯುವುದು ಆಕೆಯ ಕರ್ತವ್ಯವಾದರೆ, ಆ ಸತ್ಯವನ್ನು ನುಡಿದವಳು ಬದುಕುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವಾಗಿತ್ತು. ಎರಡೂ ಒಂದೇ ಹಗ್ಗದ ಎರಡು ತುದಿಗಳು. ನಾವು ನಮ್ಮ ತುದಿಯನ್ನು ಕೈಬಿಟ್ಟು ಆಕೆಯ ತುದಿಯನ್ನು ಮಾತ್ರ ಎಳೆದೆವು. ಸಂಬಳದ ಕೆಲಸದಲ್ಲಿರುವ ತಾಯಿ ಮಗುವಿಗೆ ಜ್ವರವೆಂದು ರಜೆ ಹಾಕಬಹುದು. ಸತ್ಯಕ್ಕೆ ಆಕೆ ತೆರುವ ಬೆಲೆ ಒಂದು ರಜಾ ಅರ್ಜಿ. ಮನೆಗೆಲಸದ ತಾಯಿ ಅದೇ ಸತ್ಯಕ್ಕೆ ಎರಡು ತಿಂಗಳ ದುಡಿಮೆಯನ್ನೂ ನಳದ ಸರತಿಯನ್ನೂ ತೆರಬೇಕು. ಒಂದೇ ಪ್ರಾಮಾಣಿಕತೆಗೆ ಎರಡು ದರ!

ಯಾಜಕಕಾಂಡ ಇದನ್ನೂ ಬಲ್ಲದು. ಹದಿನಾಲ್ಕನೆಯ ಅಧ್ಯಾಯದಲ್ಲಿ, ಗುಣವಾಗಿ ಮರಳುವವನು ಕೊಡಬೇಕಾದ ಕಾಣಿಕೆಗಳನ್ನು ವಿಧಿಸಿದ ಮೇಲೆ, ಅವನು ಬಡವನಾಗಿದ್ದರೆ ಇಷ್ಟು ಸಾಕು, ಕೈಗೆಟಕುವಷ್ಟನ್ನು ತರಲಿ ಎಂದು ಬೇರೆಯೇ ಪಟ್ಟಿ ಕೊಡುತ್ತದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ರೋಗಿ ಗುಣವಾದನೋ ಎಂದು ನೋಡಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಹೊರಗಿಡುವ ವಿಧಿಗೆ ಒಂದು ಅಧ್ಯಾಯವಾದರೆ, ಒಳಕರೆದುಕೊಳ್ಳುವ ವಿಧಿಗೂ ಒಂದು ದೊಡ್ಡ ಅಧ್ಯಾಯ. ನಮ್ಮ ಕಾಲದ ಸುತ್ತೋಲೆಗಳಲ್ಲಿ ನಾನು ಓದಿದಷ್ಟರಲ್ಲಿ, ಮಗುವನ್ನು ಯಾವಾಗ ಕಳುಹಿಸಬೇಕೆಂಬ ವಿವರ ಬಹಳವಿತ್ತು. ಮರಳಿ ಬಂದಾಗ ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು.

ಈ ವಿಷಯದಲ್ಲಿ ಸರ್ಕಾರವನ್ನು ದೂರಲು ನನಗೆ ಅರ್ಹತೆಯಿಲ್ಲ. ಆ ಹುಡುಗ ಏಳು ದಿನ ಮುಗಿಸಿ, ಜ್ವರ ಬಿಟ್ಟು, ಎಲ್ಲ ನಿಯಮ ಪಾಲಿಸಿ ಭಾನುವಾರದ ಧರ್ಮೋಪದೇಶ ತರಗತಿಗೆ ಬಂದ. ಹಿಂದಿನ ದಿನವೇ ಇಬ್ಬರು ಪಾಲಕರು ನನಗೆ ಫೋನ್ ಮಾಡಿ ಗೊಣಗಿದ್ದರು. ಅವರನ್ನು ಎದುರು ಹಾಕಿಕೊಳ್ಳುವ ಮನಸ್ಸು ನನಗಾಗಲಿಲ್ಲ. "ಇನ್ನೆರಡು ವಾರ ಕಿಟಕಿ ಹತ್ರ ಒಬ್ಬನ ಕೂಡಪ್ಪ" ಎಂದು ಹುಡುಗನನ್ನು ಬೇರೆ ಬೆಂಚಿಗೆ ಕಳುಹಿಸಿದೆ. ವೈದ್ಯರು ಹೇಳಿದ್ದು ಏಳು ದಿನ. ಮೇಲಿನ ಹದಿನಾಲ್ಕು ದಿನ ನನ್ನದು. ಅದಕ್ಕೆ ವೈದ್ಯಶಾಸ್ತ್ರದ ಆಧಾರವೂ ಇರಲಿಲ್ಲ, ಧರ್ಮಶಾಸ್ತ್ರದ ಆಧಾರವೂ ಇರಲಿಲ್ಲ. ಫೋನಿನ ಹೆದರಿಕೆ ಮಾತ್ರ ಇತ್ತು. ಅಂದಿನ ಪಾಠ ದಯಾಳು ಸಮಾರಿಯನ ಸಾಮತಿ. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕುಳಿತೇ ಇದ್ದ.

ಸಂಖ್ಯಾಕಾಂಡದ ಹನ್ನೆರಡನೆಯ ಅಧ್ಯಾಯ ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಮೋಶೆಯ ಅಕ್ಕ ಮಿರ್ಯಾಮಳಿಗೆ ಚರ್ಮರೋಗ ತಗಲಿ ಏಳು ದಿನ ಪಾಳೆಯದ ಹೊರಗಿರಬೇಕಾಯಿತು. ಆಕೆ ತಪ್ಪು ಮಾಡಿದವಳೇ. ಆದರೂ ಆಕೆ ಮರಳುವ ತನಕ ಇಸ್ರಯೇಲರು ಅಲ್ಲಿಂದ ಕದಲಲಿಲ್ಲ, ಪ್ರಯಾಣ ಮುಂದುವರಿಸಲಿಲ್ಲ ಎಂದು ಅಲ್ಲಿ ಬರೆದಿದೆ. ಮರುಭೂಮಿಯಲ್ಲಿ ನೀರಿಗೂ ತತ್ವಾರವಿದ್ದ ಜನ, ಒಬ್ಬ ಹೆಂಗಸಿಗಾಗಿ ಏಳು ದಿನ ಕಾಯ್ದರು. ಕ್ವಾರಂಟೈನ್ ಎಂಬುದಕ್ಕೆ ನನಗೆ ತಿಳಿದಿರುವ ಅತ್ಯಂತ ಒಳ್ಳೆಯ ವಿವರಣೆ ಇದು. ಹೊರಗಿದ್ದವಳಿಗೆ ತನಗಾಗಿ ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಿತ್ತು.

ಶಾಲೆಯೊಂದು ಹೀಗೆ ಕಾಯುವುದೆಂದರೇನು? ದೊಡ್ಡ ಯೋಜನೆ ಬೇಕಿಲ್ಲ. ಹೊರಗಿರುವ ಮಗುವಿನ ಮನೆಗೆ ಟೀಚರ್ ದಿನಕ್ಕೊಮ್ಮೆ ಫೋನ್ ಮಾಡುವುದು. ಆ ವಾರದ ಪಾಠವನ್ನು ಪಕ್ಕದ ಬೆಂಚಿನವನು ಬರೆದಿಡುವುದು. ಮಗು ಬಂದ ದಿನ ಹೊಸ ಪಾಠ ಶುರುಮಾಡದೆ ಹಿಂದಿನದನ್ನು ಒಮ್ಮೆ ತಿರುವಿಹಾಕುವುದು. ಯಾವ ಮಗುವಿಗೆ ಏನಾಗಿತ್ತೆಂಬುದನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕದಿರುವುದು. ಕೂಲಿ ಬಿಟ್ಟು ಮನೆಯಲ್ಲಿ ಕೂತ ತಾಯಿಯ ವಾರದ ಸಂತೆಯನ್ನು ಧರ್ಮಕೇಂದ್ರದ ವಿನ್ಸೆಂಟ್ ಡಿ ಪೌಲ್ ಸಭೆಯವರೋ, ಓಣಿಯ ಸ್ತ್ರೀಶಕ್ತಿ ಸಂಘದವರೋ ನೋಡಿಕೊಳ್ಳಬಹುದು. ಲಕ್ಷ್ಮೇಶ್ವರದ ಒಬ್ಬ ಮುಖ್ಯೋಪಾಧ್ಯಾಯರು ನನಗೆ ಹೇಳಿದರು: ಅವರ ಶಾಲೆಯಲ್ಲಿ ಜ್ವರದಿಂದ ಮನೆಗೆ ಹೋದ ಮಗುವಿನ ಹಾಜರಿಯಲ್ಲಿ ಗೈರು ಎಂದು ಕೂಗುವುದಿಲ್ಲವಂತೆ, ಹೆಸರು ಕರೆದಾಗ ಉಳಿದ ಮಕ್ಕಳು "ಬರ್ತಾನ್ರೀ ಸರ್" ಎನ್ನುತ್ತಾರಂತೆ. ಕೇಳಿ ನಕ್ಕೆ, ಆಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ.

2025ರ ಆ ಭಾನುವಾರ ಬೇವಿನ ಮರದ ಕೆಳಗೆ ನಾನು ಆ ತಾಯಿಗೆ, "ಅಂದು ನಾ ಕೊಟ್ಟ ಉತ್ತರ ಅರ್ಧ ಆಗಿತ್ತವ್ವ" ಎಂದೆ. ಬೆಂಚಿನ ವಿಷಯವನ್ನೂ ಹೇಳಿದೆ. ಅವರಿಗೆ ಅದು ಗೊತ್ತೇ ಇತ್ತು. ಹುಡುಗ ಅಂದೇ ಮನೆಯಲ್ಲಿ ಹೇಳಿದ್ದನಂತೆ. ಅವರು ನನ್ನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಸಣ್ಣಾಕಿಗೆ ಎರಡ್ ದಿನದಿಂದ ನೆಗಡಿ ಐತ್ರೀ. ನಾಳಿ ಸಾಲಿಗೆ ಕಳಸಬ್ಯಾಡಂತ ಮಾಡೇನಿ. ನೀವೇ ಟೀಚರ್‌ಗೆ ಒಂದ್ ಮಾತು ಫೋನ್ ಮಾಡಿ ಹೇಳ್ರೀ" ಎಂದರು. ಅಲ್ಲಿಯೇ ನಿಂತು ಫೋನ್ ಮಾಡಿದೆ.